ತಾತ, ಮೊಮ್ಮಗಳು ಮತ್ತು ಹುಣಿಸೆ ಬೀಜದ ಲೆಕ್ಕ

2020ರ ಬೇಸಿಗೆಯಲ್ಲಿ ಬಂದ ಒಂದು ಸರ್ಕಾರಿ ಸೂಚನೆ ನಮ್ಮ ಮನೆಯ ಇಬ್ಬರಿಗೆಂದೇ ಬರೆದಂತಿತ್ತು. 65 ದಾಟಿದವರು ಮತ್ತು 10 ವರ್ಷದೊಳಗಿನ ಮಕ್ಕಳು ತೀರಾ ಅಗತ್ಯವಿಲ್ಲದೆ ಹೊರಗೆ ಬರಬಾರದು! ನಮ್ಮ ಯಜಮಾನರಿಗೆ ಆಗ 71, ಮೊಮ್ಮಗಳಿಗೆ 8.

ಕೊರೊನಾದಿಂದಾಗಿ ಮಾರ್ಚ್ 25ಕ್ಕೆ ಶುರುವಾದ ಲಾಕ್‌ಡೌನ್ ಮೊದಲು 21 ದಿನದ್ದು. ಅದು ಮುಂದುವರಿದಂತೆಲ್ಲ ಯಜಮಾನರ ಮಾತು ಕಡಿಮೆಯಾಗುತ್ತಾ ಬಂತು. ಲಾಲ್‌ಬಾಗ್ ಮುಚ್ಚಿತ್ತು, ದಿನಾ ಜೊತೆಯಲ್ಲಿ ನಡೆಯುತ್ತಿದ್ದ ಗೆಳೆಯರೆಲ್ಲ ಅವರವರ ಮನೆಯಲ್ಲಿ. ಬೆಳಗಾದರೆ ಟಿವಿ ಮುಂದೆ ಕೂತು ಎಷ್ಟು ಸೋಂಕು, ಎಷ್ಟು ಸಾವು ಎಂದು ನೋಡುವುದು. ಅನ್ನ ತಟ್ಟೆಯಲ್ಲೇ ಉಳಿಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಕತ್ತಲಲ್ಲಿ ಸುಮ್ಮನೆ ಕೂತಿರುತ್ತಿದ್ದರು. ನನಗೆ ಕಾಯಿಲೆಗಿಂತ ಆ ಮೌನವೇ ಹೆಚ್ಚು ಭಯವಾಯಿತು. ಮೊಮ್ಮಗಳೂ ಅಷ್ಟೇ, ಸಣ್ಣಪುಟ್ಟದ್ದಕ್ಕೆಲ್ಲ ಅಳು.

ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಟಾಮ್ ಮೂರ್ ಅವರ ಸುದ್ದಿ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತ, ಬರ್ಮಾಗಳಲ್ಲಿ ಸೈನ್ಯದಲ್ಲಿದ್ದವರು. ಏಪ್ರಿಲ್ 30ಕ್ಕೆ ಅವರಿಗೆ ನೂರು ತುಂಬುವುದಿತ್ತು. ಅದರೊಳಗೆ ಮನೆಯಂಗಳದ 25 ಮೀಟರ್ ದಾರಿಯಲ್ಲಿ 100 ಸಲ ನಡೆದು, ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ನೆರವಿಗೆ 1,000 ಪೌಂಡ್ ಕೂಡಿಸುವ ಆಸೆ ಅವರದು. ವಾಕರ್ ಹಿಡಿದೇ ನಡೆದರು. ಕೂಡಿದ್ದು 3 ಕೋಟಿ ಪೌಂಡ್‌ಗೂ ಹೆಚ್ಚು!

ಮೊಮ್ಮಗಳು ಇದನ್ನು ಗಟ್ಟಿಯಾಗಿ ಓದಿ, "ತಾತ, ಅವರಿಗೆ ನೂರು, ನಿಂಗೆ ಬರೀ ಎಪ್ಪತ್ತೊಂದು, ಏಳು" ಎಂದಳು. ಅಟ್ಟದಲ್ಲಿದ್ದ ಅಳಗುಳಿಮನೆ ಇಳಿಸಿದೆವು. ತಾರಸಿಯಲ್ಲಿ ಒಂದು ಸುತ್ತಿಗೆ ಒಂದು ಹುಣಿಸೆ ಬೀಜ, ಒಂದು ಗುಳಿಗೆ ಐದು. 14 ಗುಳಿ ತುಂಬಿದರೆ 70 ಸುತ್ತು. ಮೊದಲ ದಿನ ಎರಡು ಗುಳಿಗೇ ಇವರ ಮೊಣಕಾಲು ಹಿಡಿಯಿತು. ಕೂತು ಸುಧಾರಿಸಿಕೊಳ್ಳುವಾಗ ಸೀಮೆಸುಣ್ಣದಲ್ಲಿ ಮನೆ ಬರೆಸಿ ಅವಳಿಗೆ ಕುಂಟೆಬಿಲ್ಲೆ ಹೇಳಿಕೊಟ್ಟರು. ಪಕ್ಕದ ತಾರಸಿಯ ಹುಡುಗರು ಅಲ್ಲಿಂದಲೇ ತೀರ್ಪು ಕೂಗುತ್ತಿದ್ದರು.

ಅದೇ ವರ್ಷ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಮಾರ್ಗಸೂಚಿ ಹೊರಡಿಸಿತು. ಹಿರಿಯರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಶಾಲಾ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಅಷ್ಟು ಆಗದಿದ್ದರೆ ಸ್ವಲ್ಪವಾದರೂ ಸರಿ, ಸುಮ್ಮನೆ ಕೂರುವುದಕ್ಕಿಂತ ಮೇಲು ಎಂದೂ ಹೇಳಿತು. ಮೈ ದಣಿದರೆ ನಿದ್ದೆ ಹತ್ತುತ್ತದೆ. ಬೆಳಗಿನ ಬೆಳಕು ದೇಹಕ್ಕೆ ಹಗಲು ರಾತ್ರಿಯ ಲೆಕ್ಕ ತಿಳಿಸುತ್ತದೆ. ಸುತ್ತು ಎಣಿಸುವ ಮನಸ್ಸಿಗೆ ಚಿಂತೆಯನ್ನು ಮೆಲುಕು ಹಾಕಲು ಪುರುಸೊತ್ತು ಕಡಿಮೆ. ಎಣಿಸಲು ಜೊತೆಗೊಬ್ಬಳಿದ್ದಳಲ್ಲ, ಅರ್ಧ ಔಷಧಿ ಅದೇ ಎನ್ನುತ್ತೇನೆ ನಾನು.

ಹದಿನೈದು ದಿನದಲ್ಲಿ ರಾತ್ರಿ ಎದ್ದು ಕೂರುವುದು ನಿಂತಿತು. ಟಿವಿಯನ್ನು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಹಾಕುತ್ತಿದ್ದರು.

ಮೇ ಕೊನೆಯ ಒಂದು ಸಂಜೆ 14 ಗುಳಿಯೂ ತುಂಬಿತು. ಕೂಡಲೇ ಜಗಳ! ತಾತ ಎರಡು ಬೀಜ ಹೆಚ್ಚು ಹಾಕಿ ಮೋಸ ಮಾಡಿದರೆಂದು ಅವಳು, ಖಂಡಿತ ಇಲ್ಲವೆಂದು ಇವರು. ಅವರ ದನಿ ಅಷ್ಟು ಜೋರಾಗಿ ಕೇಳಿ ಎರಡು ತಿಂಗಳಾಗಿತ್ತು. ನಾನು ಒಲೆ ಆರಿಸಿ, ಮೆಟ್ಟಿಲ ಬಳಿ ನಿಂತು ಕೇಳಿಸಿಕೊಂಡೆ.