ಮದ್ದಿನೊಡನೆ ಮಮತೆ

ರೋಗಗಳೊಡನೆ ಮಾನವನ ಹೋರಾಟ ಇಂದು ನಿನ್ನೆಯದಲ್ಲ. ಸಿಡುಬು, ಪ್ಲೇಗು, ಕಾಲರಾ ಮೊದಲಾದ ಪಿಡುಗುಗಳು ಅವನನ್ನು ಶತಮಾನಗಳ ಕಾಲ ಕಾಡಿವೆ. ಆದರೆ 1981ರಲ್ಲಿ ಅಮೆರಿಕದ ವೈದ್ಯರು ಮೊದಲು ಗುರುತಿಸಿದ ಏಡ್ಸ್, ರೋಗಿಯ ದೇಹವನ್ನಷ್ಟೇ ಅಲ್ಲದೆ ಸಮಾಜದಲ್ಲಿ ಅವನಿಗಿದ್ದ ಸ್ಥಾನವನ್ನೂ ಕಸಿದುಕೊಂಡಿತು. ಎಚ್.ಐ.ವಿ. ಎಂಬ ವೈರಸ್ಸು ಇದಕ್ಕೆ ಕಾರಣ. ಅದು ದೇಹದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಸೋಂಕಿತರ ರಕ್ತ, ಅಸುರಕ್ಷಿತ ಲೈಂಗಿಕ ಸಂಪರ್ಕ ಮತ್ತು ತಾಯಿಯಿಂದ ಮಗುವಿಗೆ, ಹೀಗೆ ಅದು ಹರಡುತ್ತದೆ. ಕೈಕುಲುಕುವುದರಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ ಹರಡುವುದಿಲ್ಲ.

ಭಾರತದಲ್ಲಿ ಈ ಸೋಂಕು ಪತ್ತೆಯಾದುದು 1986ರಲ್ಲಿ. ಮದರಾಸು ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿ ನಿರ್ಮಲಾ ಅವರು ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ತಕ್ಕ ಸೌಲಭ್ಯವಿಲ್ಲದ ಕಾರಣ ಅವುಗಳನ್ನು ತಮ್ಮ ಮನೆಯ ಶೀತಕಪೆಟ್ಟಿಗೆಯಲ್ಲಿರಿಸಿ, ಪರೀಕ್ಷೆಗಾಗಿ ವೆಲ್ಲೂರಿಗೆ ಕೊಂಡೊಯ್ದರು. ರೋಗಕ್ಕೆ ಪರಿಣಾಮಕಾರಿಯಾದ ಮದ್ದೇ ಇಲ್ಲದಿದ್ದ ಕಾಲದಲ್ಲಿ ಅವರು ತೋರಿದ ಧೈರ್ಯ ಸ್ಮರಣೀಯವಾದುದು.

ಈ ಸೇವೆಯಲ್ಲಿ ತೊಡಗಿದವರು ಮೊದಲು ಗೆಲ್ಲಬೇಕಾದುದು ತಮ್ಮ ಮನಸ್ಸಿನ ಅಂಜಿಕೆಯನ್ನು. ಸೋಂಕಿತರಿಗೆ ಬಳಸಿದ ಸೂಜಿ ದಾದಿಯ ಬೆರಳಿಗೆ ಅಕಸ್ಮಾತ್ತಾಗಿ ಚುಚ್ಚಿಕೊಂಡರೆ ಸೋಂಕು ತಗಲುವ ಸಂಭವ ಸಾವಿರದಲ್ಲಿ ಸುಮಾರು 3. ಆದಷ್ಟು ಬೇಗನೆ, ಹೆಚ್ಚೆಂದರೆ 72 ಗಂಟೆಗಳೊಳಗೆ ಮದ್ದನ್ನು ಆರಂಭಿಸಿ 28 ದಿನ ಸೇವಿಸಿದರೆ ಆ ಅಪಾಯವೂ ಬಹುಮಟ್ಟಿಗೆ ತಪ್ಪುತ್ತದೆ. ಯಾರ ರಕ್ತದಲ್ಲಿ ಏನಿದೆಯೆಂದು ನೋಡಿ ತಿಳಿಯಲಾಗದು. ಆದುದರಿಂದ ಎಲ್ಲ ರೋಗಿಗಳ ವಿಷಯದಲ್ಲಿಯೂ ಕೈಗವಸು ಮೊದಲಾದ ಎಚ್ಚರಿಕೆಗಳನ್ನು ಸಮಾನವಾಗಿ ಪಾಲಿಸಬೇಕು. ಒಬ್ಬನನ್ನು ಮಾತ್ರ ದೂರವಿರಿಸುವುದು ಎಚ್ಚರಿಕೆಯಲ್ಲ, ಅವಮಾನ.

ಎರಡನೆಯ ಕಷ್ಟ ಇನ್ನೂ ಸೂಕ್ಷ್ಮವಾದುದು. 2004ರ ಏಪ್ರಿಲ್ 1ರಂದು, ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಮತ್ತು ದೆಹಲಿಯಲ್ಲಿ ಸರಕಾರವು ಉಚಿತ ಎ.ಆರ್.ಟಿ. ಚಿಕಿತ್ಸೆಯನ್ನು ಆರಂಭಿಸಿತು. ಈ ಮದ್ದು ವೈರಸ್ಸನ್ನು ದೇಹದಿಂದ ಪೂರ್ಣವಾಗಿ ಹೊರದೂಡದು, ಅಡಗಿಸಿಡುತ್ತದೆ. ಆದುದರಿಂದ ಅದನ್ನು ದಿನವೂ, ಜೀವನಪರ್ಯಂತ ಸೇವಿಸಬೇಕು. ಆದರೆ ಮನೆಯವರಿಗೆ ತಿಳಿದೀತೆಂಬ ಭಯದಿಂದ ಒಬ್ಬರು ಮಾತ್ರೆಯನ್ನು ಬಚ್ಚಿಡುತ್ತಾರೆ. ಒಂದು ದಿನದ ಕೂಲಿ ತಪ್ಪೀತೆಂದು ಇನ್ನೊಬ್ಬರು ಚಿಕಿತ್ಸಾ ಕೇಂದ್ರಕ್ಕೆ ಬಾರದೆ ಉಳಿಯುತ್ತಾರೆ. ಹೀಗೆ ತಪ್ಪಿಹೋದವರನ್ನು ಆರೋಗ್ಯ ಕಾರ್ಯಕರ್ತೆ ಹುಡುಕಿ ಕರೆತರಬೇಕು. ಹಳ್ಳಿಯ ಬೀದಿಯಲ್ಲಿ ಅವಳು ಯಾರ ಮನೆಯನ್ನು ಕೇಳಿದಳೆಂಬುದೇ ಊರಿನ ಮಾತಾಗಬಹುದು. ಹುಡುಕದಿದ್ದರೆ ಜೀವಕ್ಕೆ ಕುತ್ತು, ಅಜಾಗರೂಕತೆಯಿಂದ ಹುಡುಕಿದರೆ ಮಾನಕ್ಕೆ ಕುತ್ತು. ಈ ಇಕ್ಕಟ್ಟಿನ ನಡುವೆ ಅವಳ ಕರ್ತವ್ಯ ಸಾಗುತ್ತದೆ.

ಆಪ್ತಸಮಾಲೋಚಕರ ಹೊಣೆಯೂ ಹಗುರವಾದುದಲ್ಲ. ಪರೀಕ್ಷೆಯ ಫಲಿತಾಂಶವನ್ನು ಮೊದಲು ತಿಳಿಸುವವರು ಅವರೇ. ಎದುರಿಗೆ ಕುಳಿತವರ ಕಣ್ಣೀರನ್ನು ಕಂಡೂ ಧೃತಿಗೆಡದೆ ಬದುಕಿನ ಭರವಸೆಯನ್ನು ತುಂಬಬೇಕು. ಕೇಳಿದ ಗುಟ್ಟನ್ನು ತಮ್ಮಲ್ಲಿಯೇ ಇರಿಸಿಕೊಳ್ಳಬೇಕು. ಇವರಲ್ಲಿ ಅನೇಕರು ಗುತ್ತಿಗೆಯ ಆಧಾರದ ಮೇಲೆ ದುಡಿಯುವವರು. ಪರರಿಗೆ ಧೈರ್ಯ ಹೇಳುವ ಇವರ ನಾಳೆಗೇ ಭದ್ರತೆಯಿಲ್ಲ.

2017ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯೊಂದು 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದಿತು. ಸೋಂಕಿತರ ಬಗೆಗೆ ಭೇದಭಾವ ತೋರುವುದನ್ನು ಅದು ನಿಷೇಧಿಸಿ, ಅವರ ಗುಟ್ಟನ್ನು ಕಾಯುವ ಹೊಣೆಯನ್ನು ವಿಧಿಸಿದೆ; ಆರೋಗ್ಯ ಸಿಬ್ಬಂದಿಗೆ ರಕ್ಷಣಾ ಸಾಧನಗಳನ್ನೂ ತರಬೇತಿಯನ್ನೂ ಒದಗಿಸಬೇಕೆಂದು ಆಜ್ಞಾಪಿಸಿದೆ.

ಇಂದು ಸಕಾಲದಲ್ಲಿ ಚಿಕಿತ್ಸೆ ಪಡೆದ ಸೋಂಕಿತರು ಇತರರಂತೆಯೇ ದೀರ್ಘಕಾಲ ಬಾಳಬಲ್ಲರು. ಸೋಂಕಿತ ತಾಯಿಯೂ ಆರೋಗ್ಯವಂತ ಮಗುವನ್ನು ಹೆರಬಲ್ಲಳು. ಇದನ್ನು ಸಾಧ್ಯವಾಗಿಸಿದುದು ವಿಜ್ಞಾನದ ಮದ್ದು ನಿಜ. ಆದರೆ ಆ ಮದ್ದು ಪ್ರತಿದಿನವೂ ರೋಗಿಯ ಕೈಸೇರುವಂತೆ ಮಾಡಿದುದು ಈ ಸೇವಕರು ಗಳಿಸಿದ ನಂಬಿಕೆ. ಕಾಯಿದೆಯಿಂದ ಭೇದಭಾವವನ್ನು ಶಿಕ್ಷಿಸಬಹುದು, ನಂಬಿಕೆಯನ್ನು ಹುಟ್ಟಿಸಲಾಗದು. ನೆರೆಹೊರೆಯವರು ಪಿಸುಮಾತನ್ನು ಬಿಟ್ಟು ಸಹಾನುಭೂತಿಯನ್ನು ಬೆಳೆಸಿಕೊಂಡಲ್ಲಿ, ಈ ಸೇವಕರು ಹೊತ್ತ ಭಾರದಲ್ಲಿ ಅರ್ಧದಷ್ಟನ್ನು ಸಮಾಜವೇ ಇಳಿಸಿದಂತಾಗುತ್ತದೆ.