ಲೈಸೆನ್ಸ್ ಹೋದರೆ ವಾಪಸು ಹೇಗೆ?

ಉಗಾರ ಖುರ್ದದಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ರಸ್ತೆ ತುಂಬ ಟ್ರ್ಯಾಕ್ಟರುಗಳೇ. ಇಂಥ ಹಂಗಾಮಿನ ನಟ್ಟನಡುವೆ ನಮ್ಮ ಓಣಿಯ ಹುಡುಗನೊಬ್ಬನ ಲೈಸೆನ್ಸ್ ಹೋಯಿತು. ಕಬ್ಬಿನ ಟ್ರೇಲರ್ ಎಳೆಯುತ್ತ ಮೊಬೈಲ್ ಕಿವಿಗೆ ಹಿಡಿದದ್ದೇ ತಪ್ಪು. "ಟೋಳಿಯವ್ರ ಫೋನ್ ಕಾಕಾ, ಎತ್ತಲಿಲ್ಲಂದ್ರ ಸಿಟ್ಟಾಗ್ತಾರ" ಅಂದ. ಪೊಲೀಸರು ಲೈಸೆನ್ಸ್ ಇಟ್ಟುಕೊಂಡು ಒಂದು ಚೀಟಿ ಕೊಟ್ಟಿದ್ದರು. "ಚೀಟಿ ಐತಲ್ಲ" ಎಂದು ಮರುದಿನವೇ ಗಾಡಿ ಹತ್ತಲು ಹೊರಟಿದ್ದ.

ಬಹಳ ಮಂದಿ ಎಡವುವುದು ಇಲ್ಲೇ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಾಗಿದೆ. ಮೊಬೈಲ್, ಕುಡಿತ, ಅತಿ ವೇಗ, ಬೈಕಿನಲ್ಲಿ ಹೆಲ್ಮೆಟ್ ಇಲ್ಲದಿರುವುದು, ಮೂವರು ಕೂರುವುದು ಇಂಥ ತಪ್ಪಿಗೆ ಲೈಸೆನ್ಸ್ ಹಿಡಿದು ಆರ್‌ಟಿಓಗೆ ಕಳಿಸಬಹುದು. ಆಗ ಕೊಡುವ ಚೀಟಿ ಬರೀ ರಸೀದಿ. ಅದನ್ನು ಹಿಡಿದು ಗಾಡಿ ಓಡಿಸುವಂತಿಲ್ಲ.

ಮುಂದೇನು? ಆದೇಶ ಹೊರಡಿಸುವ ಮೊದಲು ಆರ್‌ಟಿಓ ನಮ್ಮ ಮಾತು ಕೇಳಲೇಬೇಕು. ನೋಟಿಸ್ ಬಂದರೆ ತಪ್ಪದೆ ಹೋಗಿ, ಹೇಳುವುದನ್ನು ಬರೆದು ಕೊಡಿ, ಒಂದು ಪ್ರತಿಗೆ ಸಹಿ ಸಿಕ್ಕಾ ಹಾಕಿಸಿಕೊಳ್ಳಿ. ಅವರಿಗೆ ಒಪ್ಪಿಗೆಯಾದರೆ ಅಲ್ಲೇ ಬಿಡಬಹುದು. ಇಲ್ಲವಾದರೆ ಮೊದಲ ಸಲಕ್ಕೆ 3 ತಿಂಗಳು ಅಮಾನತು, ಎರಡನೇ ಸಲಕ್ಕೆ ಲೈಸೆನ್ಸೇ ರದ್ದು. ಆದೇಶ ಸರಿಯಿಲ್ಲ ಅನಿಸಿದರೆ, ಅದು ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಹಾಗಾಗಿ ಆದೇಶ ತಲುಪಿದ ತಾರೀಖು ಬರೆದಿಡಿ.

3 ತಿಂಗಳು ಮುಗಿದೊಡನೆ ಲೈಸೆನ್ಸ್ ತಾನಾಗಿ ಬರುವುದಿಲ್ಲ. ಮಾನ್ಯತೆ ಪಡೆದ ಚಾಲನಾ ಶಾಲೆ ಅಥವಾ ಸಂಸ್ಥೆಯಲ್ಲಿ ಮರುತರಬೇತಿ ಮುಗಿಸಿದರೆ ಮಾತ್ರ ವಾಪಸು. ಎಲ್ಲಿ, ಎಷ್ಟು ದಿನ ಎಂಬುದನ್ನು ಆದೇಶ ಬಂದ ದಿನವೇ ಆರ್‌ಟಿಓದಲ್ಲಿ ಕೇಳಿಕೊಳ್ಳಿ. ಲೈಸೆನ್ಸಿನ ಅವಧಿ ಯಾವಾಗ ಮುಗಿಯುತ್ತದೆ ಅದನ್ನೂ ನೋಡಿಕೊಳ್ಳಿ. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಪರೀಕ್ಷೆ ಕೊಡಬೇಕು.

ಟ್ರ್ಯಾಕ್ಟರ್ ಮಾಲೀಕರಿಗೂ ಒಂದು ಮಾತು. "ಊರ ರಸ್ತೆ, ಯಾರು ನೋಡ್ತಾರ" ಎಂದು ಅಮಾನತಾದವನ ಕೈಗೆ ಸ್ಟೇರಿಂಗ್ ಕೊಡಬೇಡಿ. ಕಾಯ್ದೆಯಲ್ಲಿ ಓಡಿಸಿದವನಿಗೆ 10,000 ರೂಪಾಯಿ, ಕೊಟ್ಟವರಿಗೆ 5,000 ರೂಪಾಯಿ ದಂಡವಿದೆ, ಜೈಲೂ ಇದೆ. ಅಪಘಾತವಾದರೆ ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕನಿಂದಲೇ ವಸೂಲು ಮಾಡಬಹುದು. ಒಂದು ಎಕರೆ ಹೊಲವೇ ಹೋದೀತು.

ನಮ್ಮ ಹುಡುಗ ಆ 3 ತಿಂಗಳು ಕಬ್ಬು ಕಡಿಯುವ ಕೂಲಿಗೆ ಹೋದ. ಆಮೇಲೆ ತರಬೇತಿ ಮುಗಿಸಿ ಲೈಸೆನ್ಸ್ ತಂದ. ಈಗ ಗಾಡಿ ನಿಲ್ಲುವ ತನಕ ಅವನ ಫೋನು ಟೂಲ್ ಬಾಕ್ಸಿನಲ್ಲಿ. ಟೋಳಿಯವರೂ ಕಾಯುವುದು ಕಲಿತಿದ್ದಾರೆ.