ದವನದ ನೆಂಟ ಗಿಡ

ಜಾತ್ರೆಗೆ ಹೋದಾಗ ದವನ ಕೊಳ್ಳುತ್ತೀರಿ. ದೇವರಿಗೆ ಏರಿಸುತ್ತೀರಿ. ಎಂಥ ಪರಿಮಳ ಅದು! ಈ ದವನಕ್ಕೆ ಚೀನಾ ದೇಶದಲ್ಲಿ ಒಂದು ನೆಂಟ ಗಿಡ ಇದೆ. ಅಲ್ಲಿಯವರು ಅದನ್ನು ಚಿಂಗ್‌ಹಾವ್ ಅನ್ನುತ್ತಾರೆ. ಅದರ ಎಲೆಯಿಂದ ತೆಗೆದ ಔಷಧಿ ಈಗ ಎಷ್ಟೋ ದೇಶಗಳ ಆಸ್ಪತ್ರೆಗಳಲ್ಲಿದೆ. ಅದು ಮಲೇರಿಯಾ ಜ್ವರದ ಔಷಧಿ.

ಮಲೇರಿಯಾ ಗೊತ್ತಲ್ಲ? ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲದು. ಆಮೇಲೆ ಮೈ ಕೆಂಡದ ಹಾಗೆ ಸುಡುತ್ತದೆ. ಸೊಳ್ಳೆಯಿಂದ ಬರುವ ಜ್ವರ ಇದು. ಹಿಂದೆ ಕ್ಲೋರೋಕ್ವಿನ್ ಮಾತ್ರೆ ನುಂಗಿದರೆ ವಾಸಿಯಾಗುತ್ತಿತ್ತು. 1960ರ ನಂತರ ಕೆಲವು ದೇಶಗಳಲ್ಲಿ ರೋಗಾಣು ಆ ಮಾತ್ರೆಗೆ ಜಗ್ಗದಾಯಿತು.

ಆಗ ವಿಯೆಟ್ನಾಂ ದೇಶದಲ್ಲಿ ಯುದ್ಧ ನಡೆದಿತ್ತು. ಒಂದು ಕಡೆ ಉತ್ತರ ವಿಯೆಟ್ನಾಂ. ಇನ್ನೊಂದು ಕಡೆ ದಕ್ಷಿಣ ವಿಯೆಟ್ನಾಂ ಮತ್ತು ಅಮೆರಿಕಾ. ಕಾಡಿನ ಸೊಳ್ಳೆ ಎರಡೂ ಕಡೆಯ ಸೈನಿಕರನ್ನು ಬಿಡಲಿಲ್ಲ. ಉತ್ತರ ವಿಯೆಟ್ನಾಂ ತನ್ನ ಗೆಳೆಯ ಚೀನಾದ ಸಹಾಯ ಕೇಳಿತು. 1967ನೇ ಇಸವಿ ಮೇ 23ರಂದು ಚೀನಾ ಗುಟ್ಟಾಗಿ ಕೆಲಸ ಶುರು ಮಾಡಿತು. ತಿಂಗಳು 5, ತಾರೀಖು 23. ಅದಕ್ಕೇ ಆ ಯೋಜನೆಗೆ 523 ಅಂತ ಹೆಸರು. ಅತ್ತ ಅಮೆರಿಕಾದ ಸೈನ್ಯವೂ ಹೊಸ ಔಷಧಿ ಹುಡುಕುತ್ತಲೇ ಇತ್ತು.

1969ರಲ್ಲಿ ತು ಯೂಯೂ ಎಂಬ ಮಹಿಳೆ ಈ ಕೆಲಸಕ್ಕೆ ಸೇರಿದರು. ಆಗ ಅವರಿಗೆ 38 ವರ್ಷ. ಓದಿದವರನ್ನೇ ಸರ್ಕಾರ ಅನುಮಾನದಿಂದ ನೋಡುತ್ತಿದ್ದ ಕಾಲ ಅದು. ಅವರ ಗಂಡನನ್ನು ದೂರದ ಊರಿಗೆ ದುಡಿಯಲು ಕಳಿಸಿದ್ದರು. ಮನೆಯಲ್ಲಿ ಇಬ್ಬರು ಎಳೆ ಹೆಣ್ಣುಮಕ್ಕಳು. ದೊಡ್ಡವಳನ್ನು ಶಿಶುವಿಹಾರದಲ್ಲಿ ಬಿಟ್ಟರು. ಚಿಕ್ಕವಳನ್ನು ತವರಿಗೆ ಕಳಿಸಿದರು. ಮೂರು ವರ್ಷ ಕಳೆದು ನೋಡಲು ಹೋದಾಗ ಚಿಕ್ಕವಳಿಗೆ ತಾಯಿಯ ಗುರುತೇ ಸಿಗಲಿಲ್ಲ. ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ತು ಯೂಯೂ ಹಳೆಯ ವೈದ್ಯ ಪುಸ್ತಕಗಳನ್ನು ತಿರುವಿ ಹಾಕಿದರು. ನಾಟಿ ವೈದ್ಯರನ್ನು ಕೇಳಿದರು. ನೂರಾರು ಸೊಪ್ಪುಗಳ ಸಾರ ತೆಗೆದು ಇಲಿಗಳ ಮೇಲೆ ಪರೀಕ್ಷಿಸಿದರು. ಚಿಂಗ್‌ಹಾವ್ ಒಮ್ಮೆ ಗುಣ ಕೊಡುತ್ತಿತ್ತು, ಇನ್ನೊಮ್ಮೆ ಇಲ್ಲ. ಯಾಕೆ ಹೀಗೆ? ಸುಮಾರು 1,600 ವರ್ಷ ಹಿಂದಿನ ಒಂದು ಪುಸ್ತಕದಲ್ಲಿ ಉತ್ತರ ಸಿಕ್ಕಿತು. ಗೆ ಹಾಂಗ್ ಎಂಬವರು ಬರೆದದ್ದು. ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತ ಅದರಲ್ಲಿತ್ತು. ಕುದಿಸುವ ಮಾತೇ ಇಲ್ಲ! ಬಿಸಿ ತಾಗಿದರೆ ಔಷಧಿ ಗುಣ ಕೆಡುತ್ತದೆ ಅಂತ ಅವರಿಗೆ ಹೊಳೆಯಿತು. ಈಥರ್ ಎಂಬ ದ್ರವ ಕಡಿಮೆ ಬಿಸಿಗೇ ಆವಿಯಾಗುತ್ತದೆ. ಅದರಿಂದ ಸಾರ ತೆಗೆದರು. 1971ರಲ್ಲಿ ಇಲಿ, ಕೋತಿಗಳಿಗೆ ಪೂರಾ ಗುಣವಾಯಿತು. ಮನುಷ್ಯರಿಗೆ ಕೊಡುವ ಮೊದಲು ತು ಯೂಯೂ ತಾವೇ ಕುಡಿದು ನೋಡಿದರು.

ಹೀಗೆ ಯುದ್ಧಕ್ಕೆ ಅಂತ ಹುಡುಕಿದ್ದು ಲೋಕಕ್ಕೆಲ್ಲ ಬೇಕಾಯಿತು. ಆದರೆ ಗುಟ್ಟು ಕೂಡಲೇ ಹೊರಬೀಳಲಿಲ್ಲ. 1977ರಲ್ಲಿ ಚೀನೀ ಭಾಷೆಯಲ್ಲಿ ಒಂದು ಲೇಖನ ಬಂತು. ಅದರಲ್ಲಿ ಯಾವ ವಿಜ್ಞಾನಿಯ ಹೆಸರೂ ಇರಲಿಲ್ಲ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಫಾಲ್ಸಿಪಾರಂ ಎಂಬ ಕೆಟ್ಟ ಮಲೇರಿಯಾಕ್ಕೆ ಇದೇ ಮೊದಲ ಔಷಧಿ ಅಂದಿತು. ಇನ್ನೊಂದು ಔಷಧಿ ಬೆರೆಸಿಯೇ ಕೊಡಬೇಕು ಅಂತಲೂ ಹೇಳಿತು. 2015ರಲ್ಲಿ, 84ನೇ ವಯಸ್ಸಿನಲ್ಲಿ, ತು ಯೂಯೂ ಅವರಿಗೆ ನೊಬೆಲ್ ಬಹುಮಾನ ಬಂತು. 2021ರಲ್ಲಿ ಚೀನಾ ಮಲೇರಿಯಾ ಇಲ್ಲದ ದೇಶ ಅನ್ನಿಸಿಕೊಂಡಿತು.

ಆಫ್ರಿಕಾದ ಬಡ ದೇಶಗಳಿಗೆ ಚೀನಾ 1963ರಿಂದಲೂ ವೈದ್ಯರನ್ನು ಕಳಿಸುತ್ತಿದೆ. ಮುಂದೆ ಈ ಔಷಧಿಯನ್ನೂ ಕಳಿಸಿತು. ಔಷಧಿ ಕೊಟ್ಟವರಿಗೆ ಗೆಳೆಯರು ಹೆಚ್ಚುತ್ತಾರೆ. ಇದು ಬರೀ ದಾನ ಅಂತ ನಾನು ಹೇಳಲಾರೆ. ವ್ಯಾಪಾರವೂ ಇದೆ. ನಮ್ಮ ದೇಶದ ಕಾರ್ಖಾನೆಗಳೂ ಈ ಮಾತ್ರೆ ಮಾಡಿ ಹೊರದೇಶಕ್ಕೆ ಮಾರುತ್ತವೆ.

"ಹಾಗಾದ್ರೆ ಮೇಷ್ಟ್ರೇ, ದವನ ಹಿಂಡಿ ಕುಡಿದ್ರೆ ಜ್ವರ ಹೋಗುತ್ತಾ?" ಅಂತ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಜ್ಜ ಕೇಳಿದರು. ಇಲ್ಲ ಅಜ್ಜಾ. ದವನ ಬೇರೆ, ಚಿಂಗ್‌ಹಾವ್ ಬೇರೆ. ಜ್ವರ ಬಂದರೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಬೇಕು. ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನವೂ ನುಂಗಬೇಕು. ಅರ್ಧಕ್ಕೆ ಬಿಟ್ಟರೆ ಸಾಯದೆ ಉಳಿದ ರೋಗಾಣು ಗಟ್ಟಿಯಾಗುತ್ತದೆ. ಕಾಂಬೋಡಿಯಾ ದೇಶದಲ್ಲಿ 2008ರ ಹೊತ್ತಿಗೇ ಈ ಔಷಧಿಗೂ ರೋಗಾಣು ಬೇಗ ಸಾಯದೇ ಇರುವುದು ಕಂಡುಬಂದಿದೆ.